ಕೊಲೆಸ್ಟ್ರಾಲ್ ಮಾತ್ರೆ ಮತ್ತು ಮುಚ್ಚಿಟ್ಟ ಮದ್ಯಪಾನ

ಮದ್ಯ ನಮಗೆ ನಿಷಿದ್ಧ. ಹಾಗಿರುವಾಗ ಈ ಲೇಖನ ನಮಗೇಕೆ ಎಂದು ನೀವು ಕೇಳಬಹುದು. ಆದರೆ ನಿಷಿದ್ಧವೆಂದು ತಿಳಿದಿದ್ದೂ ಈ ಚಟಕ್ಕೆ ಸಿಲುಕಿದವರು ನಮ್ಮ ನಡುವೆಯೂ ಇದ್ದಾರೆ. ನಾಚಿಕೆಯಿಂದ ಅವರು ಅದನ್ನು ವೈದ್ಯರಿಂದಲೂ ಮುಚ್ಚಿಡುತ್ತಾರೆ. ರೋಗಿಯ ಹೆಸರು ನೋಡಿ ವೈದ್ಯರೂ ಆ ಪ್ರಶ್ನೆಯನ್ನು ಕೇಳದೆ ಬಿಡಬಹುದು. ಕೊಲೆಸ್ಟ್ರಾಲ್ ಮಾತ್ರೆ ಸೇವಿಸುವವರಿಗೆ ಈ ಮೌನ ಅಪಾಯಕಾರಿ.

ಎರಡರ ಭಾರವೂ ಲಿವರ್ ಮೇಲೆ

ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ಅದರಲ್ಲಿ ಪಿತ್ತಜನಕಾಂಗದ, ಅಂದರೆ ಲಿವರ್‌ನ ಪಾತ್ರ ದೊಡ್ಡದು. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮುಂತಾದ ಸ್ಟಾಟಿನ್ ಮಾತ್ರೆಗಳು ಲಿವರ್‌ನಲ್ಲಿ ಈ ತಯಾರಿಕೆಯನ್ನು ತಗ್ಗಿಸಿ, ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲನ್ನು ಇಳಿಸುತ್ತವೆ. ಕುಡಿದ ಮದ್ಯವನ್ನು ಕರಗಿಸಬೇಕಾದದ್ದೂ ಇದೇ ಲಿವರ್.

ಮಾತ್ರೆಯ ಜೊತೆ ಮದ್ಯ ಸೇರಿದ ಕೂಡಲೇ ವಿಷವಾಗುತ್ತದೆ ಎಂಬುದು ತಪ್ಪು ಕಲ್ಪನೆ. ನಿತ್ಯ ಅಥವಾ ಮಿತಿಮೀರಿ ಕುಡಿಯುವವರಲ್ಲಿ ಹಾನಿ ಬೇರೆ ದಾರಿಗಳಿಂದ ಬರುತ್ತದೆ.

ಮೊದಲನೆಯದಾಗಿ, ಮದ್ಯವು ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಏರಿಸುತ್ತದೆ. ಒಂದು ಕೊಬ್ಬನ್ನು ಮಾತ್ರೆ ಇಳಿಸುತ್ತಿದ್ದರೆ, ಇನ್ನೊಂದನ್ನು ಕುಡಿತ ಏರಿಸುತ್ತದೆ.

ಎರಡನೆಯದಾಗಿ, ಸ್ಟಾಟಿನ್‌ನಿಂದ ಅಪರೂಪಕ್ಕೆ ಮಾಂಸಖಂಡಗಳಿಗೆ ತೀವ್ರ ಹಾನಿಯಾಗುವುದುಂಟು. ಅತಿಯಾದ ಕುಡಿತ ಆ ಅಪಾಯವನ್ನು ಹೆಚ್ಚಿಸುತ್ತದೆ. ಇದರಿಂದ ಮೂತ್ರಪಿಂಡಗಳೂ ಕೆಡಬಹುದು.

ಮೂರನೆಯದಾಗಿ, ರಕ್ತಪರೀಕ್ಷೆಯಲ್ಲಿ ಲಿವರ್‌ಗೆ ಪೆಟ್ಟು ಬಿದ್ದಿರುವುದು ಕಂಡರೆ, ಕುಡಿತದ ವಿಷಯ ತಿಳಿಯದ ವೈದ್ಯರು ಮಾತ್ರೆಯನ್ನೇ ಸಂಶಯಿಸಿ ನಿಲ್ಲಿಸಬಹುದು. ಆಗ ಹೃದಯಕ್ಕಿದ್ದ ರಕ್ಷಣೆ ತಪ್ಪುತ್ತದೆ. ಲಿವರ್ ಕೆಡಿಸುವ ಕುಡಿತ ಮಾತ್ರ ಮುಂದುವರಿಯುತ್ತದೆ.

ಮಾತ್ರೆ ಬಿಡುವುದು ಪರಿಹಾರವಲ್ಲ

ಕುಡಿದ ದಿನ ಮಾತ್ರೆ ತಪ್ಪಿಸುವವರಿದ್ದಾರೆ. ಇದು ದೊಡ್ಡ ತಪ್ಪು. ಈ ಮಾತ್ರೆಯ ಫಲ ದಿನವೂ ಸೇವಿಸುವುದರಲ್ಲಿದೆ. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ನಿಲ್ಲಿಸಿದರೆ ಮತ್ತೆ ಹೃದಯಾಘಾತವಾಗುವ ಸಂಭವ ಹೆಚ್ಚುತ್ತದೆ. ಬಿಡಬೇಕಾದದ್ದು ಮದ್ಯವನ್ನು, ಮಾತ್ರೆಯನ್ನಲ್ಲ.

ತಡಮಾಡದೆ ವೈದ್ಯರನ್ನು ಕಾಣಿ

ಕಾರಣವಿಲ್ಲದೆ ಮಾಂಸಖಂಡಗಳಲ್ಲಿ ನೋವು ಅಥವಾ ನಿಶ್ಶಕ್ತಿ, ಚಹಾದ ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು, ಹೊಟ್ಟೆಯ ಬಲಮೇಲ್ಭಾಗದಲ್ಲಿ ನೋವು, ಹಸಿವಿಲ್ಲದಿರುವುದು, ವಿಪರೀತ ಆಯಾಸ - ಇವುಗಳಲ್ಲಿ ಯಾವುದು ಕಂಡರೂ ನಿರ್ಲಕ್ಷಿಸಬೇಡಿ.

ಮನೆಯವರು ಏನು ಮಾಡಬೇಕು?

ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಬೈದು, ಹಂಗಿಸಿ ಪ್ರಯೋಜನವಿಲ್ಲ. ಜೊತೆಗೆ ಕರೆದುಕೊಂಡು ಹೋಗಿ, ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಕುಡಿಯುತ್ತಾರೆಂದು ವೈದ್ಯರಿಗೆ ತಿಳಿಸಿ. ಎಲ್ಲರ ಮುಂದೆ ಹೇಳಲು ಸಂಕೋಚವಾದರೆ ಅವರೊಬ್ಬರೇ ವೈದ್ಯರೊಡನೆ ಮಾತನಾಡಲಿ. ರೋಗಿಯ ಗುಟ್ಟು ಕಾಪಾಡುವುದು ವೈದ್ಯರ ಕರ್ತವ್ಯ. ಸೇವಿಸುತ್ತಿರುವ ಇತರ ಔಷಧಿಗಳ ಜೊತೆ ನಾಟಿಮದ್ದು, ಅರಿಷ್ಟಗಳ ಹೆಸರನ್ನೂ ಹೇಳಿ. ಹುದುಗಿಸಿ ತಯಾರಿಸುವ ಅರಿಷ್ಟಗಳಲ್ಲಿ ಸ್ವಲ್ಪ ಮದ್ಯಾಂಶ ಇರುತ್ತದೆ.

ದಿನವೂ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಭ್ರಮೆ, ಫಿಟ್ಸ್ ಬರಬಹುದು. ಆದ್ದರಿಂದ ಬಿಡಿಸುವಾಗಲೂ ವೈದ್ಯರ ನೆರವು ಬೇಕು. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಇದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮಾನ ಹೋಗುತ್ತದೆಂಬ ಭಯದಿಂದ ಜೀವ ಕಳೆದುಕೊಳ್ಳುವಂತಾಗಬಾರದು. ಮುಂದಿನ ಬಾರಿ ಮಾತ್ರೆಯ ಚೀಟಿ ಬರೆಸಲು ಹೋದಾಗ ಈ ಮಾತನ್ನು ನೀವೇ ಮೊದಲು ಎತ್ತಿ.