ವೇದ ಶಿಬಿರದಲ್ಲಿ ಏನು ಮಾಡುತ್ತಾರೆ?

ಬೇಸಿಗೆ ರಜೆಯಲ್ಲಿ ನಾನು ಒಂದು ತಿಂಗಳು ಊರಲ್ಲಿ ಇರಲಿಲ್ಲ. ಶಾಲೆ ಶುರುವಾದ ಮೇಲೆ ಎಲ್ಲರೂ "ಎಲ್ಲಿಗೆ ಹೋಗಿದ್ದೆ? ಅಲ್ಲಿ ಏನು ಮಾಡ್ತಾರೆ?" ಎಂದು ಕೇಳಿದಿರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಉಪನಯನ ಆದ ಹುಡುಗರನ್ನು ಏಪ್ರಿಲ್, ಮೇ ತಿಂಗಳಲ್ಲಿ ವಸಂತ ವೇದ ಶಿಬಿರಕ್ಕೆ ಕಳಿಸುವುದುಂಟು. ಶೃಂಗೇರಿಯ ಪಾಠಶಾಲೆಯಲ್ಲಿ ವರ್ಷಗಟ್ಟಲೆ ಇದ್ದು ಕಲಿಯುವವರು ಬೇರೆ. ನಮ್ಮದು ರಜೆಗೆ ಮಾತ್ರ.

ಬೆಳಿಗ್ಗೆ 5ಕ್ಕೆ ಗಂಟೆ ಬಾರಿಸುತ್ತಾರೆ. ಬಾವಿ ನೀರು ಸೇದಿ ತಣ್ಣೀರು ಸ್ನಾನ. ಮನೆಯ ಹಂಡೆ ನೀರು ನೆನಪಾಗಿ ಮೊದಲ ದಿನ ನನಗೆ ಅಳುವೇ ಬಂತು. ಆಮೇಲೆ ಸಂಧ್ಯಾವಂದನೆ. ಆಚಮನ, ಪ್ರಾಣಾಯಾಮ, ಸೂರ್ಯನಿಗೆ ಅರ್ಘ್ಯ, ಗಾಯತ್ರಿ ಜಪ. ಇದು ದಿನಕ್ಕೆ 3 ಸಲ. ತಿಂಡಿಗೆ ಅವಲಕ್ಕಿ, ಕಷಾಯ. ಮಧ್ಯಾಹ್ನ ತಂಬುಳಿ, ಹಲಸಿನಕಾಯಿ ಹುಳಿ. ಬಟ್ಟೆ ನಾವೇ ಒಗೆಯಬೇಕು. ಸಂಜೆ ಪಂಚೆ ಎತ್ತಿ ಕಟ್ಟಿ ಲಗೋರಿ, ಕ್ರಿಕೆಟ್.

ಪಾಠಕ್ಕೆ ಸಂಥೆ ಎನ್ನುತ್ತಾರೆ. ಕೊಪ್ಪದ ಸಂತೆ ಅಲ್ಲ, ಆದರೆ ಗಲಾಟೆ ಅಷ್ಟೇ ಇರುತ್ತದೆ! ಗುರುಗಳು ಒಂದು ಸಲ ಹೇಳುತ್ತಾರೆ, ನಾವೆಲ್ಲ 2 ಸಲ ಹೇಳಬೇಕು. ಸ್ವರ ಮೂರು. ಅನುದಾತ್ತ ಅಂದರೆ ತಗ್ಗಿಸಿ ಹೇಳುವುದು, ಪುಸ್ತಕದಲ್ಲಿ ಅಕ್ಷರದ ಕೆಳಗೆ ಅಡ್ಡಗೆರೆ ಇರುತ್ತದೆ. ಸ್ವರಿತಕ್ಕೆ ಮೇಲೆ ಉದ್ದಗೆರೆ. ಉದಾತ್ತಕ್ಕೆ ಗೆರೆ ಇಲ್ಲ. ನಮಗೆ ಗೊತ್ತಾಗದಿದ್ದರೆ ಗುರುಗಳು ತಲೆ ಹಿಡಿದು ಕೆಳಗೆ, ಮೇಲೆ ಮಾಡುತ್ತಿದ್ದರು.

ಸ್ವರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಥೆ ಇದೆ. ತ್ವಷ್ಟೃ ಎಂಬವನು ಇಂದ್ರನನ್ನು ಕೊಲ್ಲುವ ಮಗ ಬೇಕೆಂದು "ಇಂದ್ರಶತ್ರು" ಎಂದು ಹೇಳಿ ಹೋಮ ಮಾಡಿದ. ಉದಾತ್ತ ಕೊನೆಯ ಅಕ್ಷರಕ್ಕೆ ಬರಬೇಕಿತ್ತು, ಮೊದಲನೆಯದಕ್ಕೆ ಬಂತು. ಇಂದ್ರನನ್ನು ಕೊಲ್ಲುವವನು ಎಂಬುದು ಹೋಗಿ ಇಂದ್ರನಿಂದ ಸಾಯುವವನು ಎಂದಾಯಿತು. ಹುಟ್ಟಿದ ವೃತ್ರ ಸತ್ತೇ ಹೋದ.

ಒಂದು ರಾತ್ರಿ ಮಳೆ ಬಂದು ಕರೆಂಟ್ ಹೋಯಿತು. ಪುಸ್ತಕ ಕಾಣುತ್ತಿರಲಿಲ್ಲ. ಆದರೂ ಗುರುಗಳು ಸಂಥೆ ನಿಲ್ಲಿಸಲಿಲ್ಲ. ಹೀಗೆ ಕೇಳಿ ಕೇಳಿಯೇ ವೇದ ಉಳಿದದ್ದು. ಯುನೆಸ್ಕೊ 2003ರಲ್ಲಿ ಇದನ್ನು ಇಡೀ ಜಗತ್ತಿನ ಆಸ್ತಿ ಎಂದು ಗುರುತಿಸಿದೆ.

ಇದನ್ನು ನಮ್ಮ ಸಮಾಜ ಮೇಷ್ಟ್ರಿಗೆ ಹೇಳಿದಾಗ ಅವರು ಯಹೂದಿಗಳ ವಿಷಯ ಹೇಳಿದರು. ಅಮೆರಿಕದಲ್ಲಿ ಅವರ ಮಕ್ಕಳಿಗೂ ಬೇಸಿಗೆ ಶಿಬಿರ ಇದೆಯಂತೆ. ಆಟ, ಈಜು, ಪ್ರಾರ್ಥನೆ ಎಲ್ಲ ಇರುತ್ತದಂತೆ. ಅವರ ಹುಡುಗರು 13ನೇ ವರ್ಷಕ್ಕೆ, ಅಂದರೆ ನನ್ನ ವಯಸ್ಸಿಗೆ, ತೋರಾ ಎಂಬ ಗ್ರಂಥವನ್ನು ಎಲ್ಲರೆದುರು ರಾಗವಾಗಿ ಓದುತ್ತಾರೆ. ಆ ಸುರುಳಿಯಲ್ಲಿ ಸ್ವರದ ಗುರುತೇ ಬರೆದಿರುವುದಿಲ್ಲ. ಮೊದಲೇ ಬಾಯಿಪಾಠ ಮಾಡಿಕೊಳ್ಳಬೇಕು. ಈಗ ಅಲ್ಲಿ ತುಂಬ ಕಡೆ ಹುಡುಗಿಯರೂ ಓದುತ್ತಾರೆ.

ನಾನು ಹೋದ ಶಿಬಿರಕ್ಕೆ ಹುಡುಗಿಯರು ಬರುವ ಹಾಗಿಲ್ಲ. ಉಪನಯನ ಆಗದವರೂ ಬರುವ ಹಾಗಿಲ್ಲ. ನನ್ನ ಪಕ್ಕ ಕೂರುವ ಗೆಳೆಯ "ನಾನೂ ಬರ್ಲಾ?" ಎಂದಾಗ ಏನು ಹೇಳಬೇಕೆಂದು ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ದಿನಾ ಸಂಜೆ ಜಗಲಿಯಲ್ಲಿ ಕೂತು ಹೇಳುತ್ತಿದ್ದೆ. ತಂಗಿ ಅಲ್ಲೇ ಮಗ್ಗಿ ಬರೆಯುತ್ತಿದ್ದಳು. ಒಂದು ದಿನ "ಅಣ್ಣ, ನಿನ್ನೆ ಅಲ್ಲಿ ಮೇಲೆ ಹೋಗಿದ್ದೆ, ಇವತ್ತು ಕೆಳಗೆ ಹೋದೆ" ಅಂದಳು. ಪುಸ್ತಕ ತೆಗೆದು ನೋಡಿದರೆ ಅವಳು ಹೇಳಿದ್ದೇ ಸರಿ. ಬರುವ ಬೇಸಿಗೆಗೆ ತಾನೂ ಬರ್ತೀನಿ ಎಂದು ಹಠ ಮಾಡುತ್ತಿದ್ದಾಳೆ. ಅಜ್ಜ ಇನ್ನೂ ಏನೂ ಹೇಳಿಲ್ಲ.

— 7ನೇ ತರಗತಿ