ನಾಯಿಗೆ ಕಥೆ ಓದಿ ಹೇಳುವ ಮಕ್ಕಳು

ಗ್ರಂಥಾಲಯದ ಮೂಲೆಯಲ್ಲೊಂದು ಹಾಸು. ಅದರ ಮೇಲೆ ಮುಂಗಾಲು ಚಾಚಿ ಮಲಗಿದ ನಾಯಿ. ಪಕ್ಕದಲ್ಲಿ ಕಾಲು ಮಡಚಿ ಕುಳಿತ ಮಗು ಅದಕ್ಕೆ ಕಥೆ ಓದಿ ಹೇಳುತ್ತಿದೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಈಗ ಇದನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಇದಕ್ಕೊಂದು ವ್ಯವಸ್ಥೆಯ ರೂಪ ಬಂದದ್ದು 1999ರಲ್ಲಿ, ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ.

ಅಲ್ಲಿನ ‘ಇಂಟರ್‌ಮೌಂಟನ್ ಥೆರಪಿ ಅನಿಮಲ್ಸ್’ ಎಂಬ ಸಂಸ್ಥೆಯ ಸ್ವಯಂಸೇವಕರು ತಮ್ಮ ಸಾಕುನಾಯಿಗಳನ್ನು ರೋಗಿಗಳ ಬಳಿ ಕರೆದೊಯ್ಯುತ್ತಿದ್ದರು. ಓದಲು ಅಂಜುವ ಮಕ್ಕಳ ಬಳಿಗೂ ಯಾಕೆ ಹೋಗಬಾರದು ಎಂದು ಕೇಳಿದವರು ಸಂಸ್ಥೆಯೊಡನಿದ್ದ ನರ್ಸ್ ಸ್ಯಾಂಡಿ ಮಾರ್ಟಿನ್. ಅವರದೇ ನಾಯಿ ಒಲಿವಿಯಾ, ಪೋರ್ಚುಗೀಸ್ ವಾಟರ್ ಡಾಗ್ ತಳಿಯದು, ಮೊದಲ ಕೇಳುಗರ ಸಾಲಿನಲ್ಲಿತ್ತು. ಸಾರ್ವಜನಿಕ ಗ್ರಂಥಾಲಯದಲ್ಲಿ ಶುರುವಾದ ಪ್ರಯೋಗ ಬೇಗನೆ ಶಾಲೆಗೂ ಕಾಲಿಟ್ಟಿತು. ‘ರೀಡಿಂಗ್ ಎಜುಕೇಷನ್ ಅಸಿಸ್ಟೆನ್ಸ್ ಡಾಗ್ಸ್’, ಚಿಕ್ಕದಾಗಿ ‘ರೀಡ್’, ಎಂಬ ಹೆಸರಿನಲ್ಲಿ ಅದು ಹಲವು ದೇಶಗಳಿಗೆ ಹಬ್ಬಿದೆ. ಬ್ರಿಟನ್ನಿನ ಶ್ವಾನ ಸಂಸ್ಥೆ ಕೆನಲ್ ಕ್ಲಬ್ ತನ್ನದೇ ‘ಬಾರ್ಕ್ ಅಂಡ್ ರೀಡ್’ ಆರಂಭಿಸಿತು.

ತರಗತಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದುವುದು ಎಷ್ಟು ಕಷ್ಟ ಎಂಬುದು ಒತ್ತಕ್ಷರಕ್ಕೆ ಎಡವಿ ಪಕ್ಕದ ಬೆಂಚಿನವರು ಕಿಸಕ್ಕನೆ ನಕ್ಕದ್ದನ್ನು ಕೇಳಿಸಿಕೊಂಡವರಿಗೆ ಗೊತ್ತು. ನಾಯಿ ನಗುವುದಿಲ್ಲ, ತಿದ್ದುವುದಿಲ್ಲ, ಗಡಿಯಾರ ನೋಡುವುದಿಲ್ಲ. ಗೆಳೆತನ ತೋರುವ ನಾಯಿ ಕೋಣೆಯಲ್ಲಿದ್ದಾಗ ಗಟ್ಟಿಯಾಗಿ ಓದುವ ಮಕ್ಕಳ ರಕ್ತದೊತ್ತಡ ತಗ್ಗುತ್ತದೆ ಎಂದು ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು 1983ರಷ್ಟು ಹಿಂದೆಯೇ ವರದಿ ಮಾಡಿದ್ದರು.

ಹಾಗೆಂದು ಸಿಕ್ಕ ನಾಯಿಯನ್ನೆಲ್ಲ ಈ ಕೆಲಸಕ್ಕೆ ತರಲಾಗದು. ಪೊಲೀಸ್ ಶ್ವಾನಕ್ಕೆ ಹುಡುಕುವುದನ್ನು ಕಲಿಸಿದರೆ, ಇದಕ್ಕೆ ಕಲಿಸಬೇಕಾದದ್ದು ಸುಮ್ಮನಿರುವುದನ್ನು. ಪುಸ್ತಕ ದೊಪ್ಪನೆ ಬಿದ್ದರೂ ಬೆಚ್ಚಬಾರದು, ಮಗು ಕಿವಿ ಎಳೆದರೂ ಗುರ್ರೆನ್ನಬಾರದು, ಎದುರಿಗೆ ಬಿಸ್ಕತ್ತು ಬಿದ್ದರೂ ಹಾರಬಾರದು. ಆರೋಗ್ಯ, ಸ್ವಭಾವ ಎರಡರ ಪರೀಕ್ಷೆಯಲ್ಲೂ ಪಾಸಾಗಬೇಕು. ತಳಿ ಮುಖ್ಯವಲ್ಲ. ಒಮ್ಮೆಗೆ ಒಂದೇ ಮಗು, ಸಾಮಾನ್ಯವಾಗಿ ಇಪ್ಪತ್ತು ನಿಮಿಷ.

ನನ್ನ ಮಟ್ಟಿಗೆ ಇಲ್ಲಿನ ನಿಜವಾದ ಕಸುಬುದಾರ ಪಕ್ಕದಲ್ಲಿ ಕೂರುವ ಹ್ಯಾಂಡ್ಲರ್, ಅಂದರೆ ನಾಯಿಯನ್ನು ಕರೆತಂದವರು. ನಾಯಿ ಆಕಳಿಸುತ್ತಿದೆಯೇ, ಮೂತಿ ನೆಕ್ಕಿಕೊಳ್ಳುತ್ತಿದೆಯೇ ಎಂದು ಅವರು ಗಮನಿಸುತ್ತಿರುತ್ತಾರೆ. ಅವು ದಣಿವಿನ, ಕಸಿವಿಸಿಯ ಗುರುತುಗಳು. ಮಗು ಒಂದು ಪದದ ಬಳಿ ತಡವರಿಸಿದರೆ “ತಪ್ಪು” ಎನ್ನುವುದಿಲ್ಲ. “ಒಲಿವಿಯಾ ಈ ಪದ ಕೇಳೇ ಇಲ್ಲವಂತೆ, ಏನು ಹಾಗಂದರೆ? ನೀನೇ ಸ್ವಲ್ಪ ಹೇಳಿಕೊಡು” ಎನ್ನುತ್ತಾರೆ. ಕ್ಷಣ ಮೊದಲು ತಡವರಿಸುತ್ತಿದ್ದ ಮಗು ಈಗ ಮೇಷ್ಟ್ರು! ಅರ್ಥ ಗೊತ್ತಿಲ್ಲದಿದ್ದರೆ ಹ್ಯಾಂಡ್ಲರ್ ಜೊತೆ ಸೇರಿ ನಿಘಂಟು ತೆರೆಯುತ್ತದೆ, ನಾಯಿಗೆ ಹೇಳಿಕೊಡುವುದಕ್ಕಾಗಿ. ತಿದ್ದುವ ಕೆಲಸ ನಡೆದೇ ನಡೆಯುತ್ತದೆ, ಮಾನ ಮಾತ್ರ ಹೋಗುವುದಿಲ್ಲ. ಇಷ್ಟು ಜಾಣ ಉಪಾಯ ಶಿಕ್ಷಕರ ತರಬೇತಿಯಲ್ಲೂ ಇರಬೇಕಿತ್ತು.

ಫಲ ಸಿಗುತ್ತದೆಯೇ? ದಕ್ಷಿಣ ಆಫ್ರಿಕಾದಲ್ಲಿ ಮೂರನೇ ತರಗತಿಯ 102 ಮಕ್ಕಳನ್ನು ಗುಂಪು ಮಾಡಿ, ಕೆಲವರಿಂದ ನಾಯಿಗೆ, ಕೆಲವರಿಂದ ದೊಡ್ಡವರಿಗೆ, ಇನ್ನು ಕೆಲವರಿಂದ ಕರಡಿ ಗೊಂಬೆಗೆ ಓದಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಓದಿದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ನಾಯಿಯ ಗುಂಪು ಮುಂದಿತ್ತು. ಆದರೆ 2016ರಲ್ಲಿ ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ 48 ಅಧ್ಯಯನಗಳನ್ನು ಜಾಲಾಡಿ, ಭರವಸೆಯಿದೆ, ಪುರಾವೆ ಮಾತ್ರ ದುರ್ಬಲ ಎಂದರು. ಹಾಗಾಗಿ ಇದನ್ನು ಪವಾಡವೆಂದು ಮಾರುವವರನ್ನು ನಂಬಬೇಕಿಲ್ಲ.

ಬೀದಿನಾಯಿ ಕಂಡರೆ ಓಡುವುದನ್ನೇ ಕಲಿತ ನಮ್ಮ ಮಕ್ಕಳಿಗೆ, ರೇಬೀಸ್ ಭಯವಿರುವ ನಮ್ಮ ಊರುಗಳಿಗೆ ಇದನ್ನು ಇದ್ದ ಹಾಗೇ ತರುವುದೂ ಸಾಧ್ಯವಿಲ್ಲ. ಆದರೆ ಮನೆಯಲ್ಲೇ ಲಸಿಕೆ ಹಾಕಿಸಿದ ಸಾಧು ನಾಯಿಯಿದ್ದು, ಮಗುವಿಗೂ ಅದಕ್ಕೂ ಒಗ್ಗಿದ್ದರೆ ರಜೆಯಲ್ಲಿ ಪ್ರಯತ್ನಿಸಿ ನೋಡಿ. ಪುಸ್ತಕವನ್ನು ಮಗುವೇ ಆರಿಸಲಿ, ಹದಿನೈದು ನಿಮಿಷ ಸಾಕು. ನೀವು ಪಕ್ಕದಲ್ಲೇ ಇರಿ, ನಡುವೆ ಬಾಯಿ ಹಾಕಬೇಡಿ. ನಾಯಿ ಎದ್ದು ಹೊರಟರೆ ತಡೆಯಬೇಡಿ, ಅಂದಿನ ಓದು ಅಲ್ಲಿಗೆ ಮುಗಿಯಲಿ.