ಮತ್ತೆ ಬರಬೇಕಾದ ತಾರೀಕು

ಕೋವಿಡ್ ಬಂದುಹೋದ ಮೇಲೆ ‘ಪಾಸಿಟಿವ್’ ಎಂಬ ಮಾತಿಗೆ ನಮ್ಮಲ್ಲಿ ಒಂದೇ ಅರ್ಥ ಉಳಿದುಕೊಂಡಿದೆ: ರೋಗ ಒಳಗೆ ಬಂದಾಗಿದೆ, ಬಾಗಿಲು ಹಾಕಿಕೊ. ಗರ್ಭಕಂಠದ ತಪಾಸಣೆಯ ರಿಪೋರ್ಟಿನಲ್ಲಿ ‘ಎಚ್‌ಪಿವಿ ಪಾಸಿಟಿವ್’ ಎಂದು ಓದಿದ ಹೆಂಗಸು ಅದೇ ಅರ್ಥ ಹಚ್ಚಿಕೊಂಡು ಕುಸಿದರೆ ತಪ್ಪು ಅವಳದಲ್ಲ. ಆದರೆ ಆ ಕಾಗದ ಹೇಳುವ ಸಂಗತಿಯೇ ಬೇರೆ. ಕ್ಯಾನ್ಸರ್ ಇದೆ ಎಂದು ಅದು ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ. ಮುಂದೆಂದೋ ಕ್ಯಾನ್ಸರಿಗೆ ದಾರಿ ಮಾಡಿಕೊಡಬಲ್ಲ ವೈರಸ್ಸೊಂದು ಸದ್ಯ ಅಲ್ಲಿದೆ, ತಾನಾಗಿ ಹೋಗುತ್ತದೋ ಬೇರು ಬಿಡುತ್ತದೋ ನೋಡಬೇಕು, ಮತ್ತೆ ಬನ್ನಿ ಎನ್ನುತ್ತದೆ. ಈ ತಪಾಸಣೆಯ ಫಲವೆಲ್ಲ ಇರುವುದು ಆ ‘ಮತ್ತೆ ಬನ್ನಿ’ ಎಂಬ ಮಾತಿನಲ್ಲಿ. ಮೊದಲ ಸಲ ಬಂದವರ ತಲೆ ಎಣಿಸಿ ಶಿಬಿರ ಯಶಸ್ವಿಯಾಯಿತೆಂದು ಬರೆದುಕೊಳ್ಳುವ ನಮ್ಮ ರೂಢಿ, ಬಿತ್ತನೆಯಾದ ದಿನವೇ ಫಸಲಿನ ಲೆಕ್ಕ ಬರೆದಂತೆ.

ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನದು ದೊಡ್ಡ ಕುಟುಂಬ. ಇನ್ನೂರಕ್ಕೂ ಹೆಚ್ಚು ಬಗೆಗಳಿವೆ. ಕೈಬೆರಳಿನ ಮೇಲೆ ಏಳುವ ನರಹುಲಿ ಕೂಡ ಇದೇ ಕುಲದ ಕೆಲಸ. ಇವುಗಳಲ್ಲಿ ಅಪಾಯಕಾರಿ ಎಂದು ಗುರುತಿಸಿರುವುದು ಸುಮಾರು 14. ಅವುಗಳಲ್ಲೂ 16 ಮತ್ತು 18ನೇ ಬಗೆಗಳೆರಡೇ ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಕಾರಣ. ಹರ್ಪಿಸ್ ವೈರಸ್ಸಿನ ಮೇಲೆ ಎಲ್ಲರೂ ಅನುಮಾನ ಇಟ್ಟುಕೊಂಡಿದ್ದ ಕಾಲದಲ್ಲಿ ಜರ್ಮನಿಯ ಹೆರಾಲ್ಡ್ ಟ್ಸುರ್ ಹೌಸೆನ್ ಹಟ ಹಿಡಿದು ಹುಡುಕಿ, 1983 ಮತ್ತು 1984ರಲ್ಲಿ ಈ ಎರಡು ಬಗೆಗಳನ್ನು ಕ್ಯಾನ್ಸರ್ ಗಡ್ಡೆಗಳಿಂದಲೇ ಹೊರಗೆಳೆದು ತೋರಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಸಾಮಾನ್ಯ ಓದುಗರಿಗೆ ಇದಕ್ಕಿಂತ ಮುಖ್ಯವಾದದ್ದು ಕಾಲದ ಲೆಕ್ಕ. ಲೈಂಗಿಕ ಜೀವನ ನಡೆಸಿದ ಬಹುತೇಕ ಎಲ್ಲರಿಗೂ, ಗಂಡಸರಿಗೂ, ಒಂದಲ್ಲ ಒಂದು ಸಲ ಈ ಸೋಂಕು ತಗಲುತ್ತದೆ. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ದೇಹವೇ ಎರಡು ವರ್ಷದೊಳಗೆ ಅಡಗಿಸುತ್ತದೆ. ಉಳಿದುಕೊಂಡ ಸೋಂಕು ಜೀವಕೋಶಗಳನ್ನು ಕೆಡಿಸಿ ಕ್ಯಾನ್ಸರಿನವರೆಗೆ ಮುಟ್ಟಬೇಕಾದರೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿಗೆ ಚಿಕಿತ್ಸೆ ಪಡೆಯದೆ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಮಾತ್ರ ಅದು 5ರಿಂದ 10 ವರ್ಷಕ್ಕೇ ಇಳಿಯಬಹುದು. ಇಷ್ಟು ನಿಧಾನವಾಗಿ, ಇಷ್ಟು ಮೆಟ್ಟಿಲು ಹತ್ತಿ ಬರುವ ಕ್ಯಾನ್ಸರ್ ಬೇರೆ ಕಡಿಮೆ. ಹೀಗಿದ್ದೂ 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಲ್ಲಿ ಇದು ಕಾಣಿಸಿಕೊಂಡಿತು, ಸುಮಾರು 80,000 ಮಂದಿ ತೀರಿಕೊಂಡರು. ಕೈಯಲ್ಲಿ ಹದಿನೈದು ವರ್ಷ ಕೊಟ್ಟ ರೋಗಕ್ಕೆ ಇಷ್ಟು ಜನ ಬಲಿಯಾಗುತ್ತಿದ್ದಾರೆಂದರೆ ಆ ವರ್ಷಗಳನ್ನು ನಾವು ಹೇಗೆ ಕಳೆಯುತ್ತಿದ್ದೇವೆ ಎಂದು ಕೇಳಬೇಕಾಗುತ್ತದೆ.

ಉತ್ತರಕ್ಕೆ ಬಹಳ ದೂರ ಹೋಗಬೇಕಿಲ್ಲ. ಬೀದರ್, ಕಲಬುರಗಿಗಳ ಪಕ್ಕದ ಉಸ್ಮಾನಾಬಾದ್, ಈಗಿನ ಧಾರಾಶಿವ, ತುಳಜಾಪುರದ ಅಂಬಾಭವಾನಿಗೆ ಹರಕೆ ಹೊತ್ತು ನಮ್ಮ ಉತ್ತರ ಕರ್ನಾಟಕದವರು ವರ್ಷವೂ ನಡೆದು ಹೋಗುವ ಜಿಲ್ಲೆ. 1999ರಿಂದ ಅಲ್ಲಿನ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿ ಒಂದು ದೊಡ್ಡ ಅಧ್ಯಯನ ನಡೆಯಿತು. ಒಂದು ಗುಂಪಿಗೆ ಎಚ್‌ಪಿವಿ ಪರೀಕ್ಷೆ, ಇನ್ನೊಂದಕ್ಕೆ ಗರ್ಭಕಂಠದ ಜೀವಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಸ್ಮಿಯರ್, ಮೂರನೆಯದಕ್ಕೆ ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಲ್ಲಿ ನೋಡುವ ವಿಐಎ ಪರೀಕ್ಷೆ, ನಾಲ್ಕನೆಯದಕ್ಕೆ ಎಂದಿನ ಆರೋಗ್ಯ ಸೇವೆಯಷ್ಟೆ. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆಯುಷ್ಯದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಯ ಅವಕಾಶ ಸಿಕ್ಕ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34, ಏನೂ ಸಿಗದ ಗುಂಪಿನಲ್ಲಿ 64. ಪರೀಕ್ಷೆಯಲ್ಲಿ ನೆಗೆಟಿವ್ ಬಂದವರಲ್ಲಿ ಎಂಟು ವರ್ಷದ ಅವಧಿಯಲ್ಲಿ ಒಬ್ಬರೂ ಈ ಕ್ಯಾನ್ಸರಿನಿಂದ ಸಾಯಲಿಲ್ಲ. ತಪಾಸಣೆಯಿಲ್ಲದ ಗುಂಪನ್ನು ಇಟ್ಟುಕೊಂಡದ್ದು ನ್ಯಾಯವೇ ಎಂಬ ಪ್ರಶ್ನೆ ಆಮೇಲೆ ಗಟ್ಟಿಯಾಗಿಯೇ ಎದ್ದಿತು, ಏಳಬೇಕಾದ ಪ್ರಶ್ನೆಯೂ ಹೌದು. ಆ ಹೆಂಗಸರ ಸಾವು ನಮಗೆ ಕೊಟ್ಟುಹೋದ ತಿಳಿವಳಿಕೆಯನ್ನು ಬಳಸದೆ ಬಿಡುವುದು ಎರಡನೇ ಅನ್ಯಾಯ. ಇದೇ ಅಧ್ಯಯನದ ಇನ್ನೊಂದು ಅಂಕಿ ನನ್ನ ವಾದಕ್ಕೆ ಹೆಚ್ಚು ಬೇಕಾದದ್ದು. ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಪಾಸಿಟಿವ್ ಬಂದವರು ನೂರಕ್ಕೆ ಸುಮಾರು 10. ಚಿಕಿತ್ಸೆ ಬೇಕಾದಷ್ಟು ಕೆಟ್ಟ ಜೀವಕೋಶಗಳು ಸಿಕ್ಕಿದ್ದು ನೂರಕ್ಕೆ ಸುಮಾರು ಒಬ್ಬರಲ್ಲಿ. ಹತ್ತು ಜನ ಪಾಸಿಟಿವ್‌ಗಳ ನಡುವೆ ಆ ಒಬ್ಬಳು ಯಾರೆಂದು ಮೊದಲ ಪರೀಕ್ಷೆಗೆ ಗೊತ್ತಿಲ್ಲ, ಅದು ಗೊತ್ತಾಗುವುದು ಹತ್ತೂ ಜನ ಮತ್ತೆ ಬಂದಾಗ. ಅಲ್ಲಿ ಪಾಸಿಟಿವ್ ಬಂದವರಲ್ಲಿ ಬಹುಪಾಲು ಮಂದಿಯನ್ನು ಮುಂದಿನ ಪರೀಕ್ಷೆಗೆ ಕರೆತಂದರು. ಹಾಗೆ ಕರೆತರದಿದ್ದರೆ ಎಷ್ಟು ಒಳ್ಳೆಯ ಪರೀಕ್ಷೆಯೂ ಸಾವು ತಗ್ಗಿಸುತ್ತಿರಲಿಲ್ಲ.

ಹಾಗಾದರೆ ಮತ್ತೆ ಬಂದವಳಿಗೆ ಏನು ಮಾಡುತ್ತಾರೆ? ಅದು ರಿಪೋರ್ಟಿನ ಒಳಸಾಲುಗಳ ಮೇಲೆ ನಿಂತಿದೆ, ಮೇಲಿನ ದಪ್ಪಕ್ಷರದ ಮೇಲಲ್ಲ. 16 ಅಥವಾ 18 ಎಂದಿದ್ದರೆ ಪ್ಯಾಪ್ ಸ್ಮಿಯರ್ ಚೆನ್ನಾಗಿದ್ದರೂ ನೇರ ಕಾಲ್ಪೊಸ್ಕೋಪಿ. ಬೇರೆ ಬಗೆಗಳಾಗಿದ್ದು ಪ್ಯಾಪ್ ಅಥವಾ ವಿಐಎ ಸಹಜವಾಗಿದ್ದರೆ ಸದ್ಯಕ್ಕೆ ಏನೂ ಬೇಡ, ಆದರೆ ಮರುಪರೀಕ್ಷೆ ತಪ್ಪಿಸುವಂತಿಲ್ಲ; ವಿಶ್ವ ಆರೋಗ್ಯ ಸಂಸ್ಥೆ 24 ತಿಂಗಳ ನಂತರ ಎನ್ನುತ್ತದೆ, ಹಲವು ವೈದ್ಯರು 12 ತಿಂಗಳಿಗೇ ಕರೆಯುತ್ತಾರೆ. ಪ್ಯಾಪ್ ರಿಪೋರ್ಟಿನಲ್ಲಿ ಆಸ್ಕಸ್ ಎಂದಿದ್ದರೆ ಜೀವಕೋಶಗಳು ಸ್ವಲ್ಪ ಬೇರೆ ಕಾಣುತ್ತಿವೆ, ಕಾರಣ ಹೇಳಲಾರೆವು ಎಂದಷ್ಟೇ ಅರ್ಥ. ಎಚ್‌ಸಿಲ್ ಎಂದಿದ್ದರೆ ಅವು ತೀವ್ರವಾಗಿ ಕೆಟ್ಟಿವೆ ಎಂದರ್ಥ, ತಡ ಮಾಡುವ ಹಾಗಿಲ್ಲ. ಕಾಲ್ಪೊಸ್ಕೋಪಿ ಎಂಬ ಹೆಸರು ಕೇಳಿದರೆ ಆಪರೇಷನ್ ಥಿಯೇಟರ್ ಕಣ್ಣಮುಂದೆ ಬರುತ್ತದೆ, ನಿಜದಲ್ಲಿ ಅದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಭೂತಗನ್ನಡಿ, ದೇಹದ ಹೊರಗೇ ಇರುತ್ತದೆ. ಪ್ಯಾಪ್ ಸ್ಮಿಯರಿಗೆ ಮಲಗಿದಂತೆಯೇ ಮಲಗಬೇಕು. ವೈದ್ಯರು ಹತ್ತಿಯನ್ನು ಅಸಿಟಿಕ್ ಆಮ್ಲದ ದ್ರವದಲ್ಲಿ ಅದ್ದಿ (ಗೋಬಿ ಮಂಚೂರಿ ಗಾಡಿಯ ವಿನೆಗರ್ ಇದರ ಹತ್ತಿರದ ಸಂಬಂಧಿ) ಗರ್ಭಕಂಠಕ್ಕೆ ಒತ್ತಿಟ್ಟು ನಿಮಿಷ ಕಾಯುತ್ತಾರೆ. ಆರೋಗ್ಯವಾದ ಜಾಗ ನಸುಗೆಂಪಾಗಿಯೇ ಉಳಿಯುತ್ತದೆ. ಕೆಟ್ಟ ಜಾಗ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ, ಅಂಚು ಎಷ್ಟು ಸ್ಪಷ್ಟವೋ ಅನುಮಾನ ಅಷ್ಟು ಹೆಚ್ಚು. ಆಮೇಲೆ ಅಯೋಡಿನ್ ಸವರಿದರೆ ಸಹಜ ಜೀವಕೋಶಗಳು ಅದನ್ನು ಹೀರಿ ಹಳೆ ಬೆಲ್ಲದ ಬಣ್ಣಕ್ಕೆ ತಿರುಗುತ್ತವೆ, ಕೆಟ್ಟವು ಸಾಸಿವೆ ಹಳದಿಯಾಗಿಯೇ ಉಳಿಯುತ್ತವೆ. ಅನುಮಾನ ಬಂದ ಜಾಗದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರು ಬಯಾಪ್ಸಿಗೆ ಹೋಗುತ್ತದೆ. ಮುಟ್ಟಿನ ಹೊಟ್ಟೆನೋವಿನಂಥ ಸಂಕಟ, ನಾಲ್ಕಾರು ದಿನ ತುಸು ರಕ್ತದ ಕಲೆ. ಬಹಳ ಜನರಿಗೆ ಅಷ್ಟರಲ್ಲಿ ಮುಗಿಯುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಕೆಲವರನ್ನು ಎರಡು ವರ್ಷ ಬಿಟ್ಟು ಬನ್ನಿ ಎಂದು ಕಳಿಸುತ್ತೀರಲ್ಲ, ಕ್ಯಾನ್ಸರಿನ ಮಾತಿನಲ್ಲಿ ಕಾಯುವುದೆಂದರೇನು? ಕಾಯುವುದರ ಅಪಾಯ ಎಷ್ಟೆಂಬುದಕ್ಕೆ ನ್ಯೂಜಿಲೆಂಡಿನ ಆಕ್ಲೆಂಡ್ ನಗರ ಕಹಿಯಾದ ಸಾಕ್ಷ್ಯ ಕೊಟ್ಟಿದೆ. ಅಲ್ಲಿನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಹರ್ಬರ್ಟ್ ಗ್ರೀನ್ ಎಂಬ ವೈದ್ಯರು 1966ರಿಂದ, ಈಗ ಸಿಐಎನ್ 3 ಎನ್ನುವ, ಕ್ಯಾನ್ಸರಿಗೆ ಮುಂಚಿನ ಗಂಭೀರ ಹಂತದ ಹೆಂಗಸರಲ್ಲಿ ಕೆಲವರಿಗೆ ಪೂರ್ಣ ಚಿಕಿತ್ಸೆ ಕೊಡದೆ ಬರೀ ಗಮನಿಸುತ್ತ ಹೋದರು. ಅದು ಕ್ಯಾನ್ಸರ್ ಆಗುವುದಿಲ್ಲ, ಸುಮ್ಮನೆ ಕತ್ತರಿಸುವುದೇಕೆ ಎಂಬುದು ಅವರ ನಂಬಿಕೆ. ಹೀಗೊಂದು ಪ್ರಯೋಗ ನಡೆದಿದೆಯೆಂದು ಆ ಹೆಂಗಸರಿಗೇ ಗೊತ್ತಿರಲಿಲ್ಲ. 1987ರಲ್ಲಿ ಸಾಂಡ್ರಾ ಕೋನಿ ಮತ್ತು ಫಿಲಿಡಾ ಬಂಕಲ್ ಪತ್ರಿಕೆಯಲ್ಲಿ ಇದನ್ನು ಬಯಲಿಗೆಳೆದರು, ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ವಿಚಾರಣೆ ನಡೆಸಿ 1988ರಲ್ಲಿ ವರದಿ ಕೊಟ್ಟರು. ಹಳೆಯ ಕಡತಗಳನ್ನು ಮತ್ತೆ ತೆರೆದು 2008ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಚೂರು ತೆಗೆದು ಪರೀಕ್ಷಿಸಿದ್ದನ್ನು ಬಿಟ್ಟು ಬೇರೆ ಚಿಕಿತ್ಸೆ ಸಿಗದವರಲ್ಲಿ 30 ವರ್ಷದೊಳಗೆ ನೂರಕ್ಕೆ 31 ಮಂದಿಗೆ ಕ್ಯಾನ್ಸರ್ ಬಂತು, ಸರಿಯಾದ ಚಿಕಿತ್ಸೆ ಸಿಕ್ಕವರಲ್ಲಿ ಸಾವಿರಕ್ಕೆ 7 ಮಂದಿಗೆ. ಕಾಯುವುದೇ ತಪ್ಪು ಎಂದು ಇದರಿಂದ ತೀರ್ಮಾನಿಸುವವರಿದ್ದಾರೆ. ನನಗೆ ಕಾಣುವುದು ಬೇರೆ. ಹಗುರ ಹಂತವಾದ ಸಿಐಎನ್ 1 ಬಹುಪಾಲು ತಾನೇ ಮಾಯುತ್ತದೆ, ಅದನ್ನು ಗಮನಿಸುತ್ತ ಕಾಯುವುದು ಚಿಕಿತ್ಸೆಯ ಒಂದು ಭಾಗ. ಸಿಐಎನ್ 3 ಎಂದು ಗೊತ್ತಿದ್ದೂ ಕಾಯುವುದು ಕೈಬಿಡುವುದು. ಈ ಎರಡರ ಗೆರೆ ಎಲ್ಲಿದೆಯೆಂದು ತೋರಿಸುವುದು ಕಾಲ್ಪೊಸ್ಕೋಪಿ ಮತ್ತು ಬಯಾಪ್ಸಿ, ಎಂದರೆ ಮತ್ತೆ ಆ ಎರಡನೇ ಭೇಟಿಯೇ.

ಆಕ್ಲೆಂಡಿನವರದು ಏನೂ ಮಾಡದ ತಪ್ಪು, ನಮ್ಮದು ಅದರ ತಿರುವುಮುರುವು. ಬಿಳಿ ಹೋಗುತ್ತದೆ, ಹೊಟ್ಟೆ ನೋವು ಎಂದು ಹೋದವರಿಗೆ ‘ಮುಂದೆ ಕ್ಯಾನ್ಸರ್ ಆದೀತು, ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎನ್ನುವ ಮಾತು ನಮ್ಮಲ್ಲಿ ಹೊಸದಲ್ಲ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಹೆಂಗಸರು ತಮ್ಮ ಗರ್ಭಕೋಶ ವೃಥಾ ತೆಗೆದರೆಂದು 2015ರಲ್ಲಿ ಬೀದಿಗಿಳಿದದ್ದು ಓದುಗರಿಗೆ ನೆನಪಿರಬಹುದು. ಇಂಥ ಶಸ್ತ್ರಚಿಕಿತ್ಸೆಗಳಿಗೆ ಕಡಿವಾಣ ಹಾಕಲು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚನೆ ಕೊಡಬೇಕಾಯಿತು. ‘ಒಂದೇ ಸಲಕ್ಕೆ ಕಿತ್ತುಹಾಕಿದರೆ ಚಿಂತೆ ಮುಗಿಯಿತಲ್ಲ, ಹತ್ತು ಸಲ ಅಲೆಯುವುದು ಯಾರಿಗೆ ಬೇಕು’ ಎಂಬ ವಾದ ಕೂಲಿ ಬಿಟ್ಟು ಬಸ್ಸು ಹತ್ತಿ ಬರಬೇಕಾದವಳ ಬಾಯಲ್ಲಿ ಸಹಜವೇ, ತಳ್ಳಿಹಾಕುವಂಥದ್ದಲ್ಲ. ಆದರೆ ಚಿಂತೆ ಹಾಗೆ ಮುಗಿಯುವುದಿಲ್ಲ. ಸಿಐಎನ್ 3ಕ್ಕೆಂದು ಗರ್ಭಕೋಶ ತೆಗೆಸಿಕೊಂಡವರಿಗೂ ಯೋನಿಯ ಮೇಲ್ತುದಿಯ ತಪಾಸಣೆ ವರ್ಷಗಟ್ಟಲೆ ನಡೆಯಬೇಕು. ವೈರಸ್ಸು ಗರ್ಭಕೋಶದ ಜೊತೆ ಬಕೆಟ್ಟಿಗೆ ಬೀಳುವುದಿಲ್ಲ. ಬಯಾಪ್ಸಿಯಿಲ್ಲದೆ ತೆಗೆದ ಗರ್ಭಕೋಶದಲ್ಲಿ ಆಗಲೇ ಕ್ಯಾನ್ಸರ್ ಇತ್ತೆಂದು ಆಮೇಲೆ ತಿಳಿದರಂತೂ ಮುಂದಿನ ಚಿಕಿತ್ಸೆ ಇನ್ನಷ್ಟು ಜಟಿಲ. ನಿಜಕ್ಕೂ ಬೇಕಾದದ್ದು ಎಷ್ಟೋ ಸಣ್ಣ ಕೆಲಸ: ಸುಮಾರು 100 ಡಿಗ್ರಿಗೆ ಕಾದ ತುದಿಯನ್ನು ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಒತ್ತಿಹಿಡಿಯುವ ಥರ್ಮಲ್ ಅಬ್ಲೇಷನ್, ಅಥವಾ ಕಾದ ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ತೆಗೆಯುವ ಲೀಪ್. ಎರಡಕ್ಕೂ ಬೆಳಗ್ಗೆ ಹೋಗಿ ಸಂಜೆಯೊಳಗೆ ಮನೆಗೆ ಬರಬಹುದು. ಹನ್ನೆರಡು ತಿಂಗಳಿಗೆ ಮತ್ತೊಂದು ಪರೀಕ್ಷೆ ಮಾತ್ರ ಇದ್ದೇ ಇದೆ.

ಇನ್ನೊಂದು ಆಕ್ಷೇಪವನ್ನು ಯಾರೂ ಜೋರಾಗಿ ಹೇಳುವುದಿಲ್ಲ, ಆದರೆ ಎಷ್ಟೋ ಹೆಂಗಸರು ಮತ್ತೆ ಬಾರದಿರುವುದಕ್ಕೆ ಅದೂ ಕಾರಣ. ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಎಂದ ತಕ್ಷಣ ಮನೆಯಲ್ಲಿ ಪಂಚಾಯಿತಿ ಶುರು: ಯಾರಿಂದ ಬಂತು? ಈ ಪ್ರಶ್ನೆಗೆ ಯಾವ ಲ್ಯಾಬಿನಲ್ಲೂ ಉತ್ತರವಿಲ್ಲ. ಸೋಂಕು ವರ್ಷಗಟ್ಟಲೆ ಸದ್ದಿಲ್ಲದೆ ಅಡಗಿದ್ದು ನಲವತ್ತೈದರಲ್ಲಿ ಕಾಣಿಸಿಕೊಳ್ಳಬಲ್ಲದು, ತಗಲಿದ ದಿನವನ್ನೋ ತಗಲಿಸಿದವರನ್ನೋ ಅದು ಬರೆದಿಟ್ಟುಕೊಂಡಿರುವುದಿಲ್ಲ. ನೆಗಡಿಯಷ್ಟು ವ್ಯಾಪಕವಾದ ಸೋಂಕಿನಿಂದ ಯಾರ ನಡತೆಯನ್ನೂ ಅಳೆಯಲಾಗದು. ಇದನ್ನು ರಿಪೋರ್ಟ್ ಕೊಡುವ ಮೊದಲೇ, ಗಂಡನೂ ಜೊತೆಗೆ ಬಂದಿದ್ದರೆ ಇಬ್ಬರನ್ನೂ ಕೂರಿಸಿ ಹೇಳಬೇಕು. ತೊಂಬತ್ತರಷ್ಟು ತಾನೇ ಹೋಗುವುದಾದರೆ ಪರೀಕ್ಷೆ ಮಾಡಿ ಹೆದರಿಸುವುದೇಕೆ ಎಂದು ಕೇಳುವವರಿಗೂ ಇದೇ ಉತ್ತರ ಸಲ್ಲುತ್ತದೆ: ಹೆದರಿಸುವುದು ಪರೀಕ್ಷೆಯಲ್ಲ, ವಿವರಣೆಯಿಲ್ಲದೆ ಕೈಗಿಟ್ಟ ಕಾಗದ. ಬಹುಪಾಲು ತಾನೇ ಹೋಗುತ್ತದೆಂಬ ಕಾರಣಕ್ಕೇ ಇಪ್ಪತ್ತರ ಹರೆಯದವರಿಗೆ, ಸೋಂಕು ಬಂದುಹೋಗುವ ವಯಸ್ಸಿನಲ್ಲಿ, ಸಾಮಾನ್ಯವಾಗಿ ಈ ಪರೀಕ್ಷೆ ಮಾಡುವುದಿಲ್ಲ. ಮೂವತ್ತಾದ ಮೇಲೆ, ಐದರಿಂದ ಹತ್ತು ವರ್ಷಕ್ಕೊಮ್ಮೆ ಸಾಕು. ಸಂಭೋಗದ ನಂತರ ರಕ್ತ, ಮುಟ್ಟು ನಿಂತವರಲ್ಲಿ ಮತ್ತೆ ರಕ್ತ, ದುರ್ವಾಸನೆಯ ಸ್ರಾವ ಇವು ಬೇರೆ ಲೆಕ್ಕ. ಅಂಥವರು ಯಾವ ತಾರೀಕಿಗೂ ಕಾಯದೆ ವೈದ್ಯರ ಬಳಿ ಹೋಗಬೇಕು. ಲಸಿಕೆ ಬಂದಿದೆಯಲ್ಲ ಎನ್ನುವವರಿಗೆ ಚುಟುಕಾಗಿ ಹೇಳುವುದಾದರೆ, ಅದು ಮಗಳಿಗೆ. ಬಂದಾಗಿರುವ ಸೋಂಕನ್ನು ಅದು ತೆಗೆಯಲಾರದು, ಎಲ್ಲ ಬಗೆಗಳನ್ನೂ ತಡೆಯಲಾರದು. ತಾಯಿಗೆ ತಪಾಸಣೆಯೇ ಗತಿ.

ಕೊನೆಗೆ ಲೆಕ್ಕಪತ್ರದವರ ಆಕ್ಷೇಪ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಗರ್ಭಕಂಠದ ತಪಾಸಣೆ ಎಂದಾದರೂ ಮಾಡಿಸಿಕೊಂಡೆ ಎಂದವರು ನೂರಕ್ಕೆ ಇಬ್ಬರೂ ಇಲ್ಲ, ಶೇ 1.9. ಮೊದಲ ಭೇಟಿಗೇ ಜನ ಬಾರದಿರುವಾಗ ಎರಡನೆಯದರ ಚಿಂತೆ ಏಕೆ? ಎರಡನೆಯದು ಭದ್ರವಾಗಿಲ್ಲದ ಕಡೆ ಮೊದಲನೆಯದನ್ನು ಹೆಚ್ಚಿಸುವುದೆಂದರೆ ಪಾಸಿಟಿವ್ ಕಾಗದ ಹಿಡಿದು ದಿಕ್ಕು ತೋಚದೆ ನಿಂತವರನ್ನು ಹೆಚ್ಚಿಸುವುದು. ಹಾಗೆ ನಿಂತ ಒಬ್ಬಳ ಅನುಭವ ಕೇಳಿದ ಹತ್ತು ನೆರೆಮನೆಯವರು ಶಿಬಿರದ ಕಡೆ ತಲೆ ಹಾಕುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟ ಗುರಿಯಲ್ಲಿ ತಪಾಸಣೆ ಶೇ 70 ಮಂದಿಗಾದರೆ ಸಾಕು, ರೋಗ ಕಂಡವರಲ್ಲಿ ಚಿಕಿತ್ಸೆ ಶೇ 90 ಮಂದಿಗೆ ಮುಟ್ಟಬೇಕು. ಈ ಎರಡು ಅಂಕಿಗಳ ಅಂತರವೇ ಯಾವುದಕ್ಕೆ ತೂಕ ಹೆಚ್ಚೆಂದು ಹೇಳುತ್ತದೆ.

ತಾರೀಕು ನೆನಪಿಡುವ ವಿದ್ಯೆ ನಮ್ಮ ಆರೋಗ್ಯ ವ್ಯವಸ್ಥೆಗೆ ಬಾರದ್ದೇನಲ್ಲ. ಬಸುರಿಗೆ ತಾಯಿ ಕಾರ್ಡ್ ಇದೆ. ಮಗುವಿಗೆ ಒಂದೂವರೆ ತಿಂಗಳ, ಎರಡೂವರೆ ತಿಂಗಳ, ಮೂರೂವರೆ ತಿಂಗಳ ಚುಚ್ಚುಮದ್ದಿನ ದಿನ ಕಾರ್ಡಿನಲ್ಲಿ ಬರೆದಿರುತ್ತದೆ, ತಪ್ಪಿದರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಬಂದು ‘ಯಾಕಮ್ಮ ಬರಲಿಲ್ಲ’ ಎಂದು ಕೇಳುತ್ತಾಳೆ. ಮಗು ಶಾಲೆ ಮುಗಿಸಿದರೂ ಆ ಕಾರ್ಡ್ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಪಕ್ಕ, ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿರುತ್ತದೆ. ಅದೇ ಟ್ರಂಕಿನಲ್ಲಿ ಅದೇ ತಾಯಿಯ ಹೆಸರಿನ ಇನ್ನೊಂದು ಕಾರ್ಡಿಗೂ ಜಾಗವಿದೆ. ಅದರಲ್ಲಿ ಬರೆಯಬೇಕಾದದ್ದು ಅವಳ ವೈರಸ್ಸಿನ ಬಗೆ ಮತ್ತು ಒಂದೇ ಒಂದು ದಿನಾಂಕ.